ಗೇಣು ಬಿಟ್ಟು ಅಳೆದ ಮನೆ

ಜೂನ್ ೩

ಮಾನ್ಯ ಶ್ರೀಮತಿಯವರಿಗೆ,

ನನ್ನ ಮನೆ ಕೊಳ್ಳಲು ನೀವು ಮುಂಗಡ ಕೊಟ್ಟು, ಕರಾರಿಗೆ ಸಹಿ ಹಾಕಿ ಎರಡು ತಿಂಗಳಾಯಿತು. ಬಾಕಿ ಹಣವೂ ಬರಲಿಲ್ಲ, ಬ್ಯಾಂಕಿನಿಂದ ಒಂದು ಸಾಲಿನ ಸುದ್ದಿಯೂ ಬರಲಿಲ್ಲ. ದಲ್ಲಾಳಿಯನ್ನು ಕೇಳಿದರೆ "ಆಗುತ್ತೆ ಸಾರ್, ಆಗುತ್ತೆ" ಅನ್ನುತ್ತಾನೆ. ಯಾವಾಗ ಆಗುತ್ತೆ ಅಂದರೆ ಫೋನ್ ಇಟ್ಟುಬಿಡುತ್ತಾನೆ. ಆದ್ದರಿಂದ ಇಲ್ಲಿ ಮಗಳ ಊರಿನಿಂದ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ. ನೀವು ನನಗೆ ಫೋನ್ ಮಾಡಬೇಡಿ. ನಾನು ರೈಲ್ವೆ ಗಾರ್ಡ್ ಆಗಿದ್ದವನು. ಗೂಡ್ಸ್ ಗಾಡಿಯ ಕೊನೆ ಡಬ್ಬಿಯಲ್ಲಿ ಕೂತು ಕೂತು ಕಿವಿ ಮಂದವಾಗಿದೆ. ಬರೆದ ಮಾತಾದರೆ ಎರಡು ಸಲ ಓದಬಹುದು, ಆಮೇಲೆ ಯಾರೂ ಹಾಗೆ ಹೇಳಲಿಲ್ಲ ಅನ್ನುವಂತಿಲ್ಲ.

ಜುಲೈ ತಿಂಗಳ ಕೊನೆಯ ದಿನದೊಳಗೆ ನೋಂದಣಿ ಆಗಬೇಕು. ಆಗದಿದ್ದರೆ ನಿಮ್ಮ ಮುಂಗಡ ನಿಮಗೆ, ನನ್ನ ಮನೆ ನನಗೆ. ಔಷಧಿ ಅಂಗಡಿಯ ಮಾಲೀಕರೊಬ್ಬರು ಪೂರ್ತಿ ಹಣ ಹಿಡಿದುಕೊಂಡು ಕಾಯುತ್ತಿದ್ದಾರೆ. ಹಸಿರು ಬಾವುಟ ತೋರಿಸಿದ ಮೇಲೆ ಗಂಟುಮೂಟೆ ಹೊತ್ತು ಓಡಿ ಬರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗಾಡಿ ಯಾರಿಗೂ ನಿಂತಿಲ್ಲ.

ಇಂತಿ,
ಮನೆಯ ಮಾಲೀಕ


ಜೂನ್ ೧೦

ಗಾರ್ಡ್ ಸಾಹೇಬರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಗಾಬರಿಯಾಯ್ತು. ಆಮೇಲೆ ನಗುವೂ ಬಂತು. ಯಾಕೆ ಗೊತ್ತಾ? ನಾನು ದರ್ಜಿ. ಇಷ್ಟು ವರ್ಷ ಗಿರಾಕಿಗಳಿಗೆ "ಗುಂಡಿ ಒಂದು ಬಾಕಿ, ನಾಳೆ ಬನ್ನಿ" ಅಂತ ಹೇಳಿ ಸಾಗಹಾಕಿದವಳು. ಈಗ ಬ್ಯಾಂಕಿನ ಗುಮಾಸ್ತರು ಅದೇ ಮಾತನ್ನ, ಅದೇ ನಗುಮುಖದಲ್ಲಿ ನನಗೆ ಹೇಳ್ತಾರೆ. ಮಾಡಿದ್ದುಣ್ಣೋ ಮಹರಾಯ! ಮ್ಯಾನೇಜರು ಸಾಲ ಕೊಡೋಣ ಅಂದು ಬಹಳ ದಿನ ಆಯ್ತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮನೆ ನೋಡೋಕೆ ಬರಬೇಕಾದ ಇಂಜಿನಿಯರು ಎಲ್ಲೋ ಏಣಿಯಿಂದ ಬಿದ್ದು ರಜೆ ಹಾಕಿದ್ದಾರಂತೆ. "ಸದ್ಯಕ್ಕೆ ನೀವೇ ಕೋಣೆಗಳ ಅಳತೆ ಬರೆದು ಕೊಡಿ, ಅಷ್ಟರಲ್ಲಿ ಕಡತ ಮುಂದಕ್ಕೆ ಹೋಗಲಿ" ಅಂದಿದ್ದಾರೆ ಗುಮಾಸ್ತರು.

ಅದಕ್ಕೆ ಮನೆಯ ಬೀಗದ ಕೈ ಬೇಕು. ಅಳತೆಗೆ ಮಾತ್ರ ಅಲ್ಲ. ನಮ್ಮತ್ತೆಗೆ ಆ ಮನೆಗೆ ದಿನಾ ಸ್ವಲ್ಪ ಹೊತ್ತು ಹೋಗಿ ಇದ್ದು ಬರಬೇಕು ಅಂತ ಆಸೆ. ಸಾಮಾನು ಏನೂ ಇಡಲ್ಲ. ಕೂತು ಎದ್ದು ಬರ್ತಾರೆ ಅಷ್ಟೆ.

ನಿಮಗಿಂತ ನಮಗೇ ಅವಸರ, ಸಾಹೇಬರೇ. ಈ ವರ್ಷ ಮುಗಿಯೋದರೊಳಗೆ ಅತ್ತೆ ಆ ಮನೆಯಲ್ಲಿರಬೇಕು. ಯಾಕೆ ಅಂತ ಮಾತ್ರ ಕೇಳಬೇಡಿ.

ಇಂತಿ,
ಹೊಲಿಗೆಯವಳು


ಜೂನ್ ೧೭

ಶ್ರೀಮತಿಯವರಿಗೆ,

ಬೀಗದ ಕೈ ಕೊಡಲು ಸಾಧ್ಯವಿಲ್ಲ. ಟಿಕೆಟ್ ಇಲ್ಲದೆ ಒಳಗೆ ಹತ್ತಿಸಿಕೊಂಡರೆ ಆಮೇಲೆ ಇಳಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ಹಣ ಕೊಡುವ ಮೊದಲೇ ಮನೆಗೆ ಬಂದು ಕೂರುವ ಆಸೆ ಏನು ಆಸೆ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಮನೆ ಮಾರಿ ನೋಡು ಅಂತ ಯಾಕೆ ಹೇಳದೆ ಹೋದರೋ.

ಅಳತೆಗೆ ಬೇಕಾದರೆ ಒಂದು ಸಲ ಹೋಗಿ ಬನ್ನಿ. ಬೀಗದ ಕೈ ಮನೆ ಎದುರಿನ ಕ್ಷೌರದಂಗಡಿಯಲ್ಲಿದೆ. ಅಂಗಡಿಯವನು ನನ್ನ ಬಾಲ್ಯದ ಗೆಳೆಯ, ನೀವಿರುವಷ್ಟು ಹೊತ್ತೂ ಜೊತೆಗಿರುತ್ತಾನೆ.

ನಿಮಗೆ ಯಾಕೆ ಅವಸರ ಅಂತ ನಾನು ಕೇಳುವುದಿಲ್ಲ. ನನಗೆ ಯಾಕೆ ಅವಸರ ಅಂತ ನೀವೂ ಕೇಳಬೇಡಿ. ಜುಲೈ ಕೊನೆ ಅಂದರೆ ಜುಲೈ ಕೊನೆ.

ಮನೆಯ ಮಾಲೀಕ


ಜೂನ್ ೨೬

ಗಾರ್ಡ್ ಸಾಹೇಬರಿಗೆ,

ಅಳತೆ ಮುಗೀತು, ಬ್ಯಾಂಕಿಗೂ ಕೊಟ್ಟಾಯ್ತು. ನಾನೇ ಟೇಪ್ ಹಿಡಿದು ಗೋಡೆ ಗೋಡೆಯೂ ಅಳೆದೆ, ಅಳೆದ ಹಾಗೆಲ್ಲ ಬಾಯಲ್ಲಿ ಹೇಳಿದೆ, ನಮ್ಮ ಯಜಮಾನರು ಬರೆದುಕೊಂಡರು. ಈ ಕೆಲಸದಲ್ಲಿ ನನ್ನ ಕೈ ತಪ್ಪಲ್ಲ ಬಿಡಿ. ಇನ್ನೇನು ಹದಿನೈದು ದಿನದಲ್ಲಿ ಸಾಲ ಕೈಗೆ ಬರುತ್ತೆ, ನಿಮ್ಮ ಔಷಧಿ ಅಂಗಡಿಯವರಿಗೆ ಬೇರೆ ಮನೆ ನೋಡಿಕೊಳ್ಳೋಕೆ ಹೇಳಿ.

ಅತ್ತೇನೂ ಬಂದಿದ್ದರು. ಮನೆ ತುಂಬಾ ಹಿಡಿಸಿತು ಅವರಿಗೆ. ಹೊರಡೋಣ ಅಂದರೆ "ಇನ್ನೊಂದು ಸುತ್ತು, ಇನ್ನೊಂದು ಸುತ್ತು" ಅಂತ ಬರಲೇ ಇಲ್ಲ. ನಿಮ್ಮ ಗೆಳೆಯರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಪೊಲೀಸಿನವರ ಹಾಗೆ ಹಿಂದೆ ಹಿಂದೆಯೇ ಇದ್ದರು. ಅವರ ಗಿರಾಕಿ ಪಾಪ, ಅರ್ಧ ಗಡ್ಡ ಬೋಳಿಸಿಕೊಂಡು ಅಂಗಡಿಯಲ್ಲೇ ಕೂತಿದ್ದ.

ಬೀಗದ ಕೈ ಒಂದು ಕೊಟ್ಟಿದ್ದರೆ ನಿಮ್ಮ ಗಂಟೇನೂ ಹೋಗ್ತಿರಲಿಲ್ಲ. ಇರಲಿ.

ಹೊಲಿಗೆಯವಳು


ಜುಲೈ ೯

ಶ್ರೀಮತಿಯವರೇ,

ಇದೇನು ನಾಟಕ?

ನಿಮ್ಮ ಬ್ಯಾಂಕಿನಿಂದ ನನಗೆ ನೋಟೀಸು ಬಂದಿದೆ. ಮನೆಯ ಒಳಗಿನ ಅಳತೆ ಕ್ರಯಪತ್ರದಲ್ಲಿರುವ ಅಳತೆಗಿಂತ ಹೆಚ್ಚಿದೆಯಂತೆ. ಮಾಲೀಕರು ಪಕ್ಕದ ಗಲ್ಲಿಯನ್ನು ಒತ್ತುವರಿ ಮಾಡಿರುವಂತೆ ಕಾಣುತ್ತದೆಯಂತೆ. ವಿಚಾರಣೆ ಮುಗಿಯುವವರೆಗೆ ಸಾಲ ತಡೆಹಿಡಿಯಲಾಗಿದೆಯಂತೆ. ಒತ್ತುವರಿ! ನಾನು! ನನ್ನ ಕೈಕೆಳಗೆ ಹೋದ ಸಾಮಾನಿನಲ್ಲಿ ಒಂದು ಮೂಟೆ ಸಿಮೆಂಟು ಕಡಿಮೆಯಾದದ್ದಿಲ್ಲ. ಸಾರ್ವಜನಿಕರ ಗಲ್ಲಿ ನುಂಗಿದವನು ಅನ್ನಿಸಿಕೊಳ್ಳಬೇಕಾಯಿತು. ಮೂರು ದಿನದಿಂದ ಊಟ ಸೇರಿಲ್ಲ.

ಈಗ ಎಲ್ಲ ಅರ್ಥವಾಯಿತು. ಗೆಳೆಯ ಬರೆದಿದ್ದಾನೆ. ನಿಮ್ಮತ್ತೆ ಗೋಡೆ ಗೋಡೆಯನ್ನೂ ಕೈಯಿಂದ ಸವರಿ ನೋಡಿದರಂತೆ, ಪ್ರತಿ ಬಾಗಿಲನ್ನೂ ಹತ್ತು ಸಲ ತೆಗೆದು ಹಾಕಿದರಂತೆ, ಕಿಟಕಿ ಚಿಲಕ ಅಲ್ಲಾಡಿಸಿದರಂತೆ. ಕುಂದು ಹುಡುಕಿ ಬೆಲೆ ಇಳಿಸುವ ಲೆಕ್ಕಾಚಾರ ಅದು. ಕುಂದು ಸಿಗಲಿಲ್ಲ, ಅದಕ್ಕೆ ಅಳತೆಯನ್ನೇ ಹೆಚ್ಚು ಬರೆದು ನನ್ನ ಕುತ್ತಿಗೆಗೆ ಕಟ್ಟಿದಿರಿ. ದರ್ಜಿಗಳ ಕೈಚಳಕ ಬಟ್ಟೆಯಲ್ಲಿ ಇರಲಿ, ನನ್ನ ಗೋಡೆಯಲ್ಲಿ ಬೇಡ.

ಒಂದು ದಿನವೂ ಹೆಚ್ಚು ಕೊಡುವುದಿಲ್ಲ.


ಜುಲೈ ೧೪

ಗಾರ್ಡ್ ಸಾಹೇಬರೇ,

ನಿಮ್ಮ ಕಾಗದವನ್ನ ನಮ್ಮ ಯಜಮಾನರು ಜೋರಾಗಿ ಓದುತ್ತಿದ್ದರು, ಅತ್ತೆ ಪಕ್ಕದಲ್ಲೇ ಇದ್ದರು. ಕೇಳಬಾರದ್ದು ಕೇಳಿಸಿಕೊಂಡರು. ಹಾಗಾಗಿ ಇನ್ನು ಮುಚ್ಚಿಡೋಕೆ ಏನೂ ಉಳಿದಿಲ್ಲ.

ನಮ್ಮತ್ತೆಗೆ ಕಣ್ಣು ಹೋಗ್ತಿದೆ. ಅಂಗಡಿಯಲ್ಲಿ ನಾನು ಹೊಲಿದದ್ದಕ್ಕೆ ಕಾಜಾ ಮಾಡಿ ಗುಂಡಿ ಹಾಕ್ತಿದ್ದವರು ಅವರೇ. ಹೋದ ವರ್ಷ ಒಬ್ಬರ ಅಂಗಿಯ ಗುಂಡಿಗಳೆಲ್ಲ ಅಡ್ಡಾದಿಡ್ಡಿ ಆದವು. ನಾನು ಅವರನ್ನ ಗೇಲಿ ಮಾಡಿದೆ. ಆಮೇಲೆ ಡಾಕ್ಟರು ನೋಡಿ, ಸುತ್ತಲಿಂದ ಕತ್ತಲೆ ಮುಚ್ಚಿಕೊಂಡು ಬರ್ತಿದೆ, ತಡೆಯೋಕೆ ಆಗಲ್ಲ, ಈ ವರ್ಷ ತಳ್ಳಿದರೆ ಹೆಚ್ಚು ಅಂದರು. ನಾವಿರೋ ಬಾಡಿಗೆ ಮನೆಯನ್ನ ಡಿಸೆಂಬರಿಗೆ ಕೆಡವ್ತಾರೆ. ಅತ್ತೆ ಅಂದರು: "ಕಣ್ಣಿರೋವಾಗಲೇ ನಮ್ಮದು ಅಂತ ಒಂದು ಮನೆ ಕಲಿತುಬಿಡ್ತೀನಿ ಕಣೇ. ಕುರುಡಿಯಾದ ಮೇಲೆ ಹೊಸ ಮನೆಗೆ ತಂದಿಟ್ಟರೆ ಮೂಲೆಯಲ್ಲಿಟ್ಟ ಮೂಟೆ ಆಗ್ತೀನಿ, ನೀರು ಕುಡಿಯೋಕೂ ನಿನ್ನ ಕೂಗಬೇಕಾಗುತ್ತೆ."

ಅದಕ್ಕೆ ಸ್ವಾಮಿ ಅವರು ಗೋಡೆ ಸವರಿದ್ದು. ಕುಂದು ಹುಡುಕೋಕಲ್ಲ, ನಿಮ್ಮ ಮನೆಯನ್ನ ಬಾಯಿಪಾಠ ಮಾಡೋಕೆ. ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ, ಆಮೇಲೆ ಕಣ್ಣು ಮುಚ್ಚಿಕೊಂಡು ಅದೇ ಬಾಗಿಲು ಹುಡುಕ್ತಿದ್ದರು. ನಿಮ್ಮ ಗೆಳೆಯರಿಗೆ ಅದು ಕಾಣಲಿಲ್ಲವೇನೋ.

ಮೊದಲೇ ಯಾಕೆ ಹೇಳಲಿಲ್ಲ ಅಂತೀರಾ? ಅವಸರದ ಕಾರಣ ಗೊತ್ತಾದರೆ ನೀವು ಬೆಲೆ ಏರಿಸ್ತೀರಿ ಅಂತ ದಲ್ಲಾಳಿ ನಮ್ಮ ಬಾಯಿ ಹೊಲಿದಿದ್ದ. ಅತ್ತೇನೂ "ಕುರುಡಿ ಅಂತ ಊರಿಗೆಲ್ಲ ಡಂಗುರ ಹೊಡೀಬೇಡ" ಅಂದಿದ್ದರು.

ಅಳತೆ ವಿಷಯಕ್ಕೆ ಬಂದರೆ, ನಾನು ಅಳೆದದ್ದು ಸರಿಯಾಗೇ ಇದೆ. ನಿಮ್ಮ ಮನೇನೇ ಗಲ್ಲಿ ನುಂಗಿದ್ದರೆ ನಾನೇನು ಮಾಡಲಿ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ!


ಜುಲೈ ೧೬

ಸಾಹೇಬರೇ,

ಹಿಂದಿನ ಕಾಗದ ನಿಮಗೆ ಸೇರುವ ಮೊದಲು ಇದು ಸೇರಲಪ್ಪಾ ಅಂತ ಕೇಳಿಕೊಳ್ತಿದ್ದೀನಿ. ಸೇರಲ್ಲ, ಗೊತ್ತು.

ನಿನ್ನೆ ಸಂಜೆ ಅತ್ತೆ ಇದ್ದಕ್ಕಿದ್ದ ಹಾಗೆ ಕೇಳಿದರು: "ಲೇ, ಗೋಡೆ ಅಳೆಯೋವಾಗ ಮಡಿಕೆಗೆ ಅಂತ ಬಿಟ್ಟೆಯೇನೇ?"

ಹೌದು, ಬಿಟ್ಟಿದ್ದೀನಿ. ನಾನು ಜನ್ಮದಲ್ಲಿ ಕೋಣೆ ಅಳೆದಿದ್ದರೆ ಅದು ಪರದೆ ಹೊಲಿಯೋಕೆ. ಪರದೆಗೆ ಎರಡೂ ಕಡೆ ಒಂದೊಂದು ಗೇಣು ಸೇರಿಸಿ ಹೇಳೋದು ನಮ್ಮ ಪದ್ಧತಿ. ಟೇಪು ಒಂದು ತೋರಿಸುತ್ತೆ, ಬಾಯಿ ತಾನಾಗೇ ಕೂಡಿಸಿ ಇನ್ನೊಂದು ಹೇಳುತ್ತೆ. ನಿಮ್ಮ ಮನೆಯ ಪ್ರತಿ ಗೋಡೆಗೂ ಮಡಿಕೆ ಸೇರಿಸಿ ಹೇಳಿದ್ದೀನಿ. ಯಜಮಾನರು ಹೇಳಿದ್ದನ್ನ ಹೇಳಿದ ಹಾಗೆ ಬರೆದರು, ಅವರದು ಯಾವಾಗಲೂ ಅದೇ ತಾನೆ. ಕೋಣೆ ಕೋಣೆಯೂ ಉಬ್ಬಿ, ಮನೆ ಗಲ್ಲಿಗೆ ಹೋಗಿ ಕೂತಿತು.

ನಾಚಿಕೆಯಿಂದ ಸಾಯೋ ಹಾಗಾಗಿದೆ. ಬೆಳಿಗ್ಗೆಯೇ ಬ್ಯಾಂಕಿಗೆ ಓಡಿ ಹೋಗಿ ಹೇಳಿದೆ. ಗುಮಾಸ್ತರು ಟೇಬಲ್ ಬಡಿದು ಬಡಿದು ನಕ್ಕರು. ನಕ್ಕು ಮುಗಿಸಿ, "ಆದರೆ ಒಂದು ಸಲ ಒತ್ತುವರಿ ಅಂತ ಬರೆದ ಮೇಲೆ ಇಂಜಿನಿಯರೇ ಬಂದು ನೋಡಬೇಕಮ್ಮ" ಅಂದರು. ಇಂಜಿನಿಯರ ಕಾಲಿನ ಪಟ್ಟಿ ಬಿಚ್ಚೋದು ಆಗಸ್ಟಿಗೆ.

ನಿಮ್ಮ ಜುಲೈ ನನ್ನ ಬಾಯಿಂದಲೇ ಹಾಳಾಯ್ತು. ಮಾನವಂತರ ಮೇಲೆ ಕಳಂಕ ಹಾಕಿದೆ. ಕ್ಷಮಿಸಿ ಅನ್ನೋಕೂ ಮುಖ ಇಲ್ಲ. ನೀವು ಔಷಧಿ ಅಂಗಡಿಯವರಿಗೆ ಕೊಟ್ಟರೆ ತಪ್ಪು ತಿಳಿಯಲ್ಲ. ಕೊಡಬೇಡಿ ಅಂತ ಕೇಳ್ಕೋತೀನಿ.


ಜುಲೈ ೨೯

ತಂಗಿಗೆ,

ಎರಡು ಕಾಗದವೂ ಒಂದೇ ದಿನ ಬಂದವು. ಮೊದಲನೆಯದನ್ನು ಓದಿ ತಲೆ ತಗ್ಗಿಸಿ ಕೂತೆ. ಎರಡನೆಯದನ್ನು ಓದಿ ನಕ್ಕ ರಭಸಕ್ಕೆ ಒಳಗಿನಿಂದ ಮಗಳು ಓಡಿ ಬಂದಳು. ನನ್ನ ಮನೆಗೆ ಪರದೆಯ ಅಳತೆ! ಅಲ್ಲಮ್ಮಾ, ನನ್ನ ಗೋಡೆಗಳನ್ನು ಮಡಚಿ ಹೊಲಿಯುವವರು ಯಾರು?

ಬಹಳ ದಿನ ಏನು ಬರೆಯಲಿ ಅಂತ ಗೊತ್ತಾಗಲಿಲ್ಲ. ಈಗ ಬರೆಯುತ್ತೇನೆ. ಗಾಡಿ ನಿಂತಿದೆ. ಕೆಂಪು ಬಾವುಟ ನಾನೇ ಹಿಡಿದಿದ್ದೇನೆ. ಇಂಜಿನಿಯರು ಏಳಲಿ, ನಡೆಯಲಿ, ಬೇಕಾದರೆ ಕುಂಟಿಕೊಂಡು ಬರಲಿ. ಔಷಧಿ ಅಂಗಡಿಯವರು ಅಂತ ಯಾರೂ ಇಲ್ಲ. ಹಾಗೆ ಬರೆದರೆ ಕೊಳ್ಳುವವರು ಚುರುಕಾಗುತ್ತಾರೆ ಅಂತ ದಲ್ಲಾಳಿ ಹೇಳಿಕೊಟ್ಟ. ಇಬ್ಬರಿಗೂ ಒಬ್ಬನೇ ಗುರು ನೋಡಿ.

ಬೀಗದ ಕೈ ಕೊಡಲು ಗೆಳೆಯನಿಗೆ ಬರೆದಿದ್ದೇನೆ. ನಿಮ್ಮತ್ತೆ ನಾಳೆಯಿಂದಲೇ ಹೋಗಿ ಬರಲಿ. ಆದರೆ ಕಣ್ಣಿದ್ದವರಿಗೂ ಕಾಣದ ಕೆಲವು ಕಿತಾಪತಿಗಳಿವೆ ಆ ಮನೆಯಲ್ಲಿ. ಬಚ್ಚಲಿನ ನಲ್ಲಿ ಉಲ್ಟಾ, ಬಿಗಿ ಮಾಡಿದಂತೆ ತಿರುಗಿಸಿದರೆ ನೀರು ಬರುತ್ತದೆ. ಮುಂಬಾಗಿಲ ಚಿಲಕ ಮಳೆಗಾಲದಲ್ಲಿ ಹಟ ಮಾಡುತ್ತದೆ, ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಎಳೆಯಬೇಕು. ಮಹಡಿ ಮೆಟ್ಟಿಲಿಗೆ ಗೋಡೆಯ ಕಡೆ ಹಿಡಿ ಇಲ್ಲ, ಒಂದು ಹಗ್ಗ ಕಟ್ಟಿಸಿ, ಗೋಡೆಗೆ ಮೊಳೆ ಹೊಡೆಯಲು ನನ್ನ ಅಪ್ಪಣೆ ಬೇಡ. ಮಲಗುವ ಕೋಣೆಯ ಕಿಟಕಿ ಬಾಗಿಲು ಗಾಳಿಗೆ ತಾನೇ ಬಂದು ಬಡಿಯುತ್ತದೆ, ಕೊಕ್ಕೆ ಹಾಕದೆ ಹತ್ತಿರ ನಿಲ್ಲಬಾರದು. ಎಲ್ಲಕ್ಕಿಂತ ಮುಖ್ಯ ಅಡುಗೆಮನೆಯ ಹೊಸಿಲು. ಬಚ್ಚಲಿನ ನೀರು ಒಳಗೆ ಬರಬಾರದು ಅಂತ ಅದನ್ನು ನಾನೇ ನಿಂತು ಎತ್ತರ ಮಾಡಿಸಿದೆ. ಅದರ ಮೇಲೆ ಎಡವದೆ ಇದ್ದ ನೆಂಟರಿಲ್ಲ. ಅಲ್ಲಿ ಜೋಪಾನ, ಜೋಪಾನ.

ಇಂತಿ,
ಗಾರ್ಡ್


ಆಗಸ್ಟ್ ೨೧

ಗಾರ್ಡ್ ಅಣ್ಣನಿಗೆ,

ಅತ್ತೆ ದಿನಾ ಬೆಳಿಗ್ಗೆ ಶಾಲೆಗೆ ಹೋಗೋ ಮಕ್ಕಳ ಹಾಗೆ ತಯಾರಾಗಿ ನಿಮ್ಮ ಮನೆಗೆ ಹೋಗ್ತಾರೆ. ನೀವು ಹೇಳಿದ್ದನ್ನೆಲ್ಲ ನಾನು ಒಂದೊಂದಾಗಿ ಕೈಯಲ್ಲಿ ಮುಟ್ಟಿಸಿ ತೋರಿಸ್ತೀನಿ. ನಾನು ಅಂಗಡಿಗೆ ಬಂದ ಮೇಲೆ ಒಬ್ಬರೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಾಡ್ತಾರಂತೆ. ಹಗ್ಗ ಕಟ್ಟಿಸಿದೆವು. ಹೊಸಿಲಿನ ಮೇಲೆ ಮೂರು ಸಲ ಎಡವಿ, ಅದಕ್ಕೆ ಚೆನ್ನಾಗಿ ಬೈದು, ಈಗ ಸ್ನೇಹ ಮಾಡಿಕೊಂಡಿದ್ದಾರೆ.

ಇಷ್ಟು ಬರೆದು ಪೆನ್ನು ಇಟ್ಟಿದ್ದೆ. ಈಗ ಇನ್ನೊಂದು ವಿಷಯ ಬರೆಯದೆ ಕೈ ಸುಮ್ಮನಿರ್ತಿಲ್ಲ. ಕ್ಷೌರದಂಗಡಿಯಲ್ಲಿ ಗುಟ್ಟು ನಿಲ್ಲಲ್ಲ ಅಂತ ನಿಮಗೇ ಗೊತ್ತಿರಬೇಕಿತ್ತು. ನಿಮ್ಮ ಗೆಳೆಯರು ಮೊನ್ನೆ ಎಲ್ಲ ಹೇಳಿಬಿಟ್ಟರು. ನೀವೂ ನಿಮ್ಮ ಮಗಳ ಊರಲ್ಲಿ ಒಂದು ಚಿಕ್ಕ ಮನೆಗೆ ಮುಂಗಡ ಕೊಟ್ಟಿದ್ದಿರಂತೆ. ಅದರ ಗಡುವೂ ಜುಲೈ ಕೊನೆ ಅಂತೆ. ನಮ್ಮ ಹಣ ಬರಲಿಲ್ಲ ಅಂತ ಆ ಮನೆ ಬೇರೆಯವರ ಪಾಲಾಯ್ತಂತೆ. ಸ್ಟೇಷನ್ ಕ್ಯಾಂಟೀನ್ ನಡೆಸೋ ಅಮ್ಮನವರನ್ನ ಮದುವೆ ಆಗೋಕೆ ಅಂತ ನೋಡಿದ ಮನೆಯಂತೆ, ಮಗಳಿಗೆ ಇನ್ನೂ ಹೇಳಿಲ್ಲವಂತೆ.

ಅಣ್ಣಾ, ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ನಲ್ಲಿ ಉಲ್ಟಾ, ಚಿಲಕ ಬಿಗಿ ಅಂತ ಬರೆದಿರಲ್ಲ! ಒಂದು ಮಾತು ಬಯ್ಯಬಾರದಿತ್ತಾ? ನನ್ನ ಒಂದು ಗೇಣಿಗೆ ನಿಮ್ಮ ಸಂಸಾರವೇ ನಿಂತುಹೋಯ್ತಲ್ಲ ಅಂತ ಹೊಲಿಗೆ ಯಂತ್ರದ ಮುಂದೆ ಕೂತರೆ ಕಾಲೇ ಓಡ್ತಿಲ್ಲ. ಇವತ್ತು ಒಬ್ಬರ ಪ್ಯಾಂಟಿಗೆ ಎರಡೂ ಕಾಲು ಎಡಗಾಲೇ ಕತ್ತರಿಸಿದೆ.

ಇಂಜಿನಿಯರು ಬಂದು ಹೋದರು. ಮನೆ ಕ್ರಯಪತ್ರದಲ್ಲಿರೋ ಹಾಗೇ ಇದೆ, ಗಲ್ಲಿಯೂ ಇದ್ದಲ್ಲೇ ಇದೆ ಅಂತ ಬರೆದುಕೊಟ್ಟಿದ್ದಾರೆ. ಸಾಲ ಯಾವಾಗ ಅಂದರೆ ಗುಮಾಸ್ತರದು ಮತ್ತೆ ಅದೇ ಪಲ್ಲವಿ. ನಾಳೆ.


ಆಗಸ್ಟ್ ೩೦

ತಂಗಿಗೆ,

ಆ ಕ್ಷೌರದವನ ಕತ್ತರಿಗಿಂತ ನಾಲಿಗೆ ಹರಿತ. ಊರಿಗೆ ಬಂದಾಗ ವಿಚಾರಿಸಿಕೊಳ್ಳುತ್ತೇನೆ.

ನೀವು ಕೊರಗಬೇಡಿ. ಮನೆ ಹೋದ ದಿನ ನಾನೂ ಕೊರಗಿದೆ, ಸುಳ್ಳು ಯಾಕೆ ಹೇಳಲಿ. ಒಂದು ವಾರ ಕ್ಯಾಂಟೀನಿನ ದಾರಿಯಲ್ಲಿ ಕಾಲಿಡಲಿಲ್ಲ. ಆಮೇಲೆ ಹೋಗಿ, ಮನೆ ತಪ್ಪಿತು, ಇನ್ನು ನಿಮ್ಮಿಷ್ಟ ಅಂದೆ. ಆಕೆ ಟೀ ಸೋಸುತ್ತಿದ್ದಳು. ಸೋಸಿ ಮುಗಿಸಿ, "ಮನೆ ಇದ್ದರೆ ಮದುವೆ ಅಂತ ನಾನು ಯಾವತ್ತು ಹೇಳಿದೆ? ಆ ಗಡುವು ಗಿಡುವು ಎಲ್ಲ ನಿಮ್ಮ ತಲೆಯಲ್ಲಿ ಹುಟ್ಟಿದ ವೇಳಾಪಟ್ಟಿ. ಬಾಡಿಗೆ ಮನೆಯಲ್ಲಿ ಜನ ಸಂಸಾರ ಮಾಡುವುದಿಲ್ಲವಾ?" ಅಂದಳು. ಟೀ ಕೈಗೆ ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ, ಅದು ಶಿಕ್ಷೆ.

ಮಗಳಿಗೂ ಹೇಳಿದೆ. ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ "ಆಕೆಯನ್ನು ಮನೆಗೆ ಕರೆಯಿರಿ, ನೋಡೋಣ" ಅಂದಳು.

ಬ್ಯಾಂಕಿನವರು ದಿನ ಗೊತ್ತು ಮಾಡಿದರೆ ತಿಳಿಸಿ. ಸಹಿಗೆ ಬರುತ್ತೇನೆ. ನಿಮ್ಮತ್ತೆಯ ಕಣ್ಣು ಹೇಗಿದೆ ಅಂತ ಬರೆಯಲೇ ಇಲ್ಲವಲ್ಲ?


ಸೆಪ್ಟೆಂಬರ್ ೧೮

ಅಣ್ಣಾ,

ಡಾಕ್ಟರು ವರ್ಷ ಅಂದಿದ್ದರು. ಕಣ್ಣು ಅಷ್ಟು ಕಾಯಲಿಲ್ಲ.

ಸೋಮವಾರ ಬೆಳಿಗ್ಗೆ ಅತ್ತೆ ಎದ್ದು "ದೀಪ ಹಾಕೇ, ಇನ್ನೂ ಕತ್ತಲೆ ಇದೆ" ಅಂದರು. ಹೊರಗೆ ಒಳ್ಳೆ ಬಿಸಿಲು ಬಂದಿತ್ತು. ನಾನು ಹೋಗಿ ದೀಪ ಹಾಕಿದೆ. ಸ್ವಿಚ್ಚಿನ ಸದ್ದು ಅವರಿಗೆ ಕೇಳಿಸಿತು. "ಸರಿ ಬಿಡು" ಅಂದರು. ನನಗೆ ತಡೆಯೋಕೆ ಆಗಲಿಲ್ಲ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಈ ಬಾಡಿಗೆ ಮನೆಯಲ್ಲಿ ಇಷ್ಟು ವರ್ಷ ಇದ್ದರೂ ಮೇಜಿಗೆ ಡಿಕ್ಕಿ ಹೊಡೀತಾರೆ. "ಇದನ್ನ ಕಲಿಯಲಿಲ್ಲ ನೋಡು, ಬಿಟ್ಟು ಹೋಗೋದು ತಾನೆ ಅಂತ" ಅಂದರು. ನಿನ್ನೆ ಕೈ ಹಿಡಿದು ನಿಮ್ಮ ಮನೆಗೆ ಕರಕೊಂಡು ಹೋದೆ. ಬಾಗಿಲಲ್ಲೇ ನನ್ನ ಕೈ ಬಿಡಿಸಿಕೊಂಡು, ಬಾಗಿಲನ್ನ ಮೇಲೆತ್ತಿ ಚಿಲಕ ಎಳೆದು, ಒಳಗೆ ಹೋದರು. ಹಿಂದೆ ಹೋಗಲೋ ಬೇಡವೋ ಅಂತ ನಾನು ಹೊರಗೇ ನಿಂತೆ. ಒಳಗಿಂದ ಕೂಗಿದರು: "ಬಾರೇ, ನೀರು ಕುಡೀತೀಯಾ?"

ಬ್ಯಾಂಕಿನವರು ಅಕ್ಟೋಬರ್ ಮೊದಲ ವಾರ ಅಂದಿದ್ದಾರೆ. ಈ ಸಲ ಮ್ಯಾನೇಜರ ಎದುರಿಗೇ, ಗುಮಾಸ್ತರ ಕೈಯಲ್ಲೇ ಬರೆಸಿಕೊಂಡು ಬಂದಿದ್ದೀನಿ. ಬನ್ನಿ. ನಿಮ್ಮವರನ್ನೂ ಕರಕೊಂಡು ಬನ್ನಿ, ಮದುವೆ ಬಟ್ಟೆಗೆ ಅಳತೆ ತಗೋತೀನಿ. ನಾಳೆ ಬನ್ನಿ ಅನ್ನಲ್ಲ.


ಅಕ್ಟೋಬರ್ ೬

ತಂಗಿಗೆ,

ಸಹಿ ಆದ ಮೇಲೆ ನೀವು ಟೀ ಮಾಡುತ್ತೇನೆ ಅಂತ ಹಾಲು ತರಲು ಹೋದಿರಿ, ನಾನು ಹೇಳದೆ ಹೊರಟುಬಂದೆ. ತಪ್ಪು ತಿಳಿಯಬೇಡಿ. ಗಾಡಿಗೆ ಹೊತ್ತಾಗಿತ್ತು ಅಂತ ಸುಳ್ಳು ಹೇಳುವುದಿಲ್ಲ, ಇನ್ನೂ ಬೇಕಾದಷ್ಟು ಹೊತ್ತಿತ್ತು. ಅಲ್ಲಿ ಕೂರಲು ಆಗಲಿಲ್ಲ. ಯಾಕೆ ಅಂತ ಬರೆಯುತ್ತೇನೆ.

ನೋಂದಣಿ ಕಚೇರಿಯಿಂದ ಬಿಸಿಲಿನಲ್ಲಿ ನಡೆದು ಬಂದಿದ್ದೆನಲ್ಲ, ಮನೆಯೊಳಗೆ ಕಾಲಿಟ್ಟಾಗ ಕಣ್ಣಿಗೆ ಏನೂ ಕಾಣಲಿಲ್ಲ. ಬಾಯಾರಿತ್ತು. ನನ್ನದೇ ಮನೆ ತಾನೆ ಅನ್ನುವ ಜಂಬದಲ್ಲಿ ನೇರ ಅಡುಗೆಮನೆಯ ಕಡೆ ನಡೆದೆ. ಮಗಳ ಮನೆಯಲ್ಲಿ ಹೊಸಿಲುಗಳೇ ಇಲ್ಲ, ಕಾಲಿಗೆ ಮರೆತುಹೋಗಿದೆ. ಎಡವಿದೆ. ಮುಗ್ಗರಿಸಿ ಬೀಳಬೇಕು, ಅಷ್ಟರಲ್ಲಿ ಒಂದು ಕೈ ಬಂದು ನನ್ನ ತೋಳು ಹಿಡಿಯಿತು.

"ನಿಧಾನ, ನಿಧಾನ. ಬ್ಯಾಂಕಿನವರು ತಾನೆ?" ಅಂದರು ನಿಮ್ಮತ್ತೆ. "ನಮ್ಮ ಮನೆಯ ಹೊಸಿಲು ಸ್ವಲ್ಪ ಎತ್ತರ. ಹೊಸಬರಿಗೆ ಗೊತ್ತಾಗಲ್ಲ. ಕಾಲೆತ್ತಿ ಇಡಿ."

ಅದನ್ನು ಮಾಡಿಸಿದವನೇ ನಾನು ತಾಯಿ ಅಂತ ನಾಲಿಗೆ ತುದಿಗೆ ಬಂದಿತ್ತು. ಆದರೂ "ಹೌದಾ, ಗೊತ್ತಿರಲಿಲ್ಲ" ಅಂದೆ. ಅವರು ತೋಳು ಬಿಡಲಿಲ್ಲ. ನಾನು ಕಾಲೆತ್ತಿ ಇಟ್ಟೆ.